ಜಟ್ಟಿ ಓಡಿಸಿದ ಬಿಳಿ ಕಾರು

ನಾನು ಹುಟ್ಟಿದ್ದು ಹೂಗ್ಲಿ ನದಿಯ ಕಡೆಯ ಒಂದು ಕಾರ್ಖಾನೆಯಲ್ಲಿ. ತಗಡು ಬಗ್ಗಿಸಿ ಬಡಿದು ನನಗೆ ಈ ಗುಂಡು ಮೈ ಕೊಟ್ಟರು, ಎದೆಯೊಳಗೆ ಎಂಜಿನ್ ಇಟ್ಟರು, ಮೇಲೆ ಹಾಲಿನಂಥ ಬಿಳಿ ಬಣ್ಣ ಹೊಡೆದರು. ನನ್ನ ಜೊತೆಗೆ ಹೊರಬಂದ ಕಾರುಗಳಲ್ಲಿ ಕೆಲವು ಟ್ಯಾಕ್ಸಿಯಾದವು, ಕೆಲವು ಜಿಲ್ಲಾಧಿಕಾರಿಗಳ ಮನೆ ಸೇರಿದವು. ನನ್ನ ಪಾಲಿಗೆ ಬಂದದ್ದು ಸಮುದ್ರ. ಹಡಗಿನ ಹೊಟ್ಟೆಯ ಕತ್ತಲಲ್ಲಿ ಹಗ್ಗ ಬಿಗಿಸಿಕೊಂಡು ಕೂತು ನಾನು ಸೆರೋಂಬಾ ಎಂಬ ದ್ವೀಪಕ್ಕೆ ಬಂದೆ. ಅಲ್ಲಿ ನಮ್ಮ ದೇಶದ ರಾಯಭಾರ ಕಚೇರಿ ಇತ್ತು. ಮೂತಿಯ ಮೇಲೆ ಒಂದು ಪುಟ್ಟ ಬಾವುಟ ಸಿಕ್ಕಿಸಿದರು. ಅದು ಇದ್ದಷ್ಟು ಕಾಲ ಅಲ್ಲಿಯ ಪೊಲೀಸರು ನನ್ನನ್ನು ತಡೆಯುವಂತಿರಲಿಲ್ಲ, ಬಾಗಿಲು ತೆಗೆದು ಒಳಗೆ ಇಣುಕುವಂತಿರಲಿಲ್ಲ.

ನನ್ನನ್ನು ಓಡಿಸುವ ಕೆಲಸ ಜಟ್ಟಿ ಹರಿಕಂತ್ರನದು. ಅವನ ಅಪ್ಪ ಹೊನ್ನಾವರದ ಕಡೆಯವನು, ದೋಣಿ ಕಟ್ಟುವ ಬಡಗಿ. ಕೆಲಸ ಹುಡುಕಿಕೊಂಡು ಸೆರೋಂಬಾಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದ್ದ. ಜಟ್ಟಿ ಹುಟ್ಟಿದ್ದು, ಬೆಳೆದದ್ದು, ಎಲೀಸಾ ಎಂಬ ಅಲ್ಲಿಯ ಹೆಣ್ಣನ್ನು ಮದುವೆಯಾದದ್ದು ಎಲ್ಲ ಆ ದ್ವೀಪದಲ್ಲೇ. ಅವನು ಆ ದೇಶದ ಪ್ರಜೆ. ಆದರೆ ಮನೆಯಲ್ಲಿ ಕಲಿತ ಕನ್ನಡ ನಾಲಿಗೆಯ ಮೇಲೆ ಹಾಗೇ ಇತ್ತು. ಗೇರ್ ಬಿಗಿಯಾದರೆ, "ಎಂತದಾ ನಿಂಗೆ, ಬೆಳಿಗ್ಗೆ ಬೆಳಿಗ್ಗೆನೇ ಸಿಟ್ಟು?" ಅಂತ ನನ್ನ ಹತ್ತಿರ ಮಾತಾಡುತ್ತಿದ್ದ. ಅಷ್ಟು ದೂರದಲ್ಲಿ ಆ ಭಾಷೆ ಆಡುವವರು ಇನ್ನೊಬ್ಬರೇ ಇದ್ದರು: ಕಚೇರಿಯ ಎರಡನೇ ಕಾರ್ಯದರ್ಶಿ ಸುಲೋಚನಾ ಕಲ್ಲೂರ, ಧಾರವಾಡದವರು. ಅವರು ಹಿಂದಿನ ಸೀಟಿನಲ್ಲಿ ಕೂತರೆ ಇಬ್ಬರ ಕನ್ನಡವೂ ಒಂದಕ್ಕೊಂದು ಕಾಲು ಕೊಟ್ಟುಕೊಂಡು ನಡೆಯುತ್ತಿತ್ತು. ಅವನ "ಹೋಗೂದು" ಕೇಳಿ ಅವರು ನಗುವರು, ಅವರ "ಹೋಗೂಣು" ಕೇಳಿ ಅವನು.

ಆ ವರ್ಷ ಚುನಾವಣೆ ಬಂತು. ಆಳುವ ಪಕ್ಷದವರು ಹಳದಿ ಅಂಗಿಯವರು. ಅಧ್ಯಕ್ಷರು ಬಹಳ ವರ್ಷದಿಂದ ಅದೇ ಕುರ್ಚಿಯಲ್ಲಿದ್ದರು. ಎದುರು ನಿಂತದ್ದು ಕಂದೀಲು ಗುರುತಿನ ಪಕ್ಷ. ಅದರ ನಾಯಕಿ ಮಾರ್ಥಾ ಓಬೂಯಾ, ಮೊದಲು ಸೂಲಗಿತ್ತಿಯಾಗಿದ್ದವಳು. ಬಂದರಿನ ಅರ್ಧ ಮಕ್ಕಳನ್ನು ಈ ಲೋಕಕ್ಕೆ ತಂದದ್ದು ಅವಳೇ ಎಂದು ಜನ ಹೇಳುತ್ತಿದ್ದರು. ಅವಳ ಸಭೆಗಳು ದೊಡ್ಡವಾಗುತ್ತ ಹೋದಂತೆ ಹಳದಿ ಅಂಗಿಯವರ ಕೈಗೆ ದೊಣ್ಣೆಗಳು ಬಂದವು. ಕಂದೀಲು ಪಕ್ಷದ ಕಚೇರಿಗೆ ಬೆಂಕಿ ಬಿತ್ತು. ಅವರ ಇಬ್ಬರು ಅಭ್ಯರ್ಥಿಗಳು ಕಾಣೆಯಾದರು. ಪೊಲೀಸರು ರಸ್ತೆಯ ಆಚೆ ನಿಂತು ನೋಡುತ್ತಿದ್ದರು.

ಒಂದು ಮಧ್ಯಾಹ್ನ ಮೀನುಪೇಟೆಯಲ್ಲಿ ಮಾರ್ಥಾಳ ಸಭೆ. ಪರಿಸ್ಥಿತಿ ಹೇಗಿದೆ ನೋಡಿ ಬನ್ನಿ ಎಂದು ರಾಯಭಾರಿ ಸಾಹೇಬರು ಸುಲೋಚನಾರನ್ನು ಕಳಿಸಿದರು. ನಾವು ಪೇಟೆಯ ಅಂಚಿನಲ್ಲಿ ನಿಂತಿದ್ದೆವು. ಭಾಷಣ ಅರ್ಧಕ್ಕೆ ಬಂದಿತ್ತು. ಎರಡು ಲಾರಿ ತುಂಬ ಹಳದಿ ಅಂಗಿ ಬಂದು ಇಳಿಯಿತು.

ಜನ ಬುಟ್ಟಿ, ಚಪ್ಪಲಿ, ಮಕ್ಕಳ ಕೈ ಎಲ್ಲ ಬಿಟ್ಟು ಓಡಿದರು. ಕಲ್ಲೊಂದು ನನ್ನ ಎಡಗಡೆಯ ಗಾಜು ಒಡೆಯಿತು. "ಜಟ್ಟಣ್ಣ, ಗಾಡಿ ತಿರುಗ್ಸ್ರಿ, ಲಗೂನ!" ಎಂದರು ಸುಲೋಚನಾ. ಅವನು ತಿರುಗಿಸಿದ. ತಿರುಗಿಸುವಾಗಲೇ ಮಾರ್ಥಾ ಕಂಡಳು. ತಲೆಯಿಂದ ರಕ್ತ ಇಳಿದು ಕಣ್ಣು ಮುಚ್ಚಿಹೋಗಿತ್ತು. ಗೋಡೆ ಹಿಡಿದುಕೊಂಡು, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದಳು. ದೊಣ್ಣೆಯವರು ಅವಳ ಕಡೆಗೇ ಬರುತ್ತಿದ್ದರು.

ಜಟ್ಟಿ ಬ್ರೇಕ್ ಒತ್ತಿದ.

"ನಿಲ್ಲಿಸಬ್ಯಾಡ್ರಿ!" ಎಂದರು ಸುಲೋಚನಾ. "ನಾವು ಇದರಾಗ ಕೈ ಹಾಕೂಹಂಗಿಲ್ಲ."

"ಕೊಂದೇ ಹಾಕ್ತಾರೆ, ಅಮ್ಮ. ಹೀಂಗೆ ನೋಡ್ತಾ ಬಿಟ್ಟಿಕ್ಕಿ ಹೋಗೂದು ಹೆಂಗೆ?"

ಸುಲೋಚನಾ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ತಾವೇ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಜಟ್ಟಿ ಇಳಿದು ಓಡಿ, ಅವಳನ್ನು ಎತ್ತಿ ತಂದು ಒಳಗೆ ಕೂರಿಸಿದ. ಹಿಂದೆ ದೊಣ್ಣೆಗಳು ನನ್ನ ಬೆನ್ನಿನ ಮೇಲೆ ಬಿದ್ದವು. ನನಗೆ ಅಷ್ಟು ನೋವಾದದ್ದು ಅದೇ ಮೊದಲು. ಆದರೂ ನನ್ನ ಎಂಜಿನ್ ಆವತ್ತು ಒಮ್ಮೆಯೂ ಕೆಮ್ಮಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೂ ಹಳದಿ ಅಂಗಿಯವರಿದ್ದರು. ಬೇರೆ ದಾರಿ ಇಲ್ಲದೆ ಸೀದಾ ಕಚೇರಿಯ ಆವರಣಕ್ಕೆ ಬಂದೆವು. ಹಿಂದಿನಿಂದ ಗೇಟು ಮುಚ್ಚಿಕೊಂಡಿತು.

ರಾಯಭಾರಿ ಸಾಹೇಬರು ಮೆಟ್ಟಿಲಿಳಿದು ಬಂದು ನನ್ನೊಳಗೆ ನೋಡಿ ಬೆಳ್ಳಗಾದರು. "ದಿಲ್ಲಿಗೆ ನಾನೇನು ಹೇಳಲಿ?" ಎಂದರು. ಆದರೂ ವೈದ್ಯರಿಗೆ ಫೋನ್ ಮಾಡಿದ್ದು ಅವರೇ. ಕೆಟ್ಟ ಮನುಷ್ಯರಲ್ಲ ಅವರು.

ಅಲ್ಲಿಂದ ದೊಡ್ಡವರ ಮಾತು ಶುರುವಾಯಿತು. ನಾನು ಕೇಳಿದ್ದೆಲ್ಲ ಹಿಂದಿನ ಸೀಟಿನಿಂದ. ಪ್ರತಿದಿನ ಸಾಹೇಬರನ್ನು ವಿದೇಶಾಂಗ ಕಚೇರಿಗೆ ಕರೆಸುವರು, ಪ್ರತಿದಿನ ಅವರು ಇನ್ನಷ್ಟು ಬಾಡಿ ಹಿಂದಿರುಗುವರು. ನಮ್ಮ ಆಂತರಿಕ ವಿಷಯದಲ್ಲಿ ತಲೆ ಹಾಕಿದ್ದೀರಿ, ಅವಳನ್ನು ಒಪ್ಪಿಸಿ ಎಂದು ಸೆರೋಂಬಾ ಸರ್ಕಾರ ಹಟ ಹಿಡಿಯಿತು. ನಮ್ಮವರು ಕಟ್ಟುತ್ತಿದ್ದ ಹೊಸ ಬಂದರಿನ ಕೆಲಸ ನಿಂತಿತು. ಅಕ್ಕಿ ತಂದ ಹಡಗನ್ನು ದಡಕ್ಕೆ ಬಿಡಲಿಲ್ಲ. ಅತ್ತ ದಿಲ್ಲಿಯವರೂ ಸೆರೋಂಬಾದ ರಾಯಭಾರಿಯನ್ನು ಕರೆಸಿ ಗದರಿದರಂತೆ. ಬೇರೆ ದೇಶಗಳು ಹೇಳಿಕೆ ಕೊಟ್ಟವು. ಈ ಗದ್ದಲದ ನಡುವೆಯೇ ಚುನಾವಣೆ ನಡೆಯಿತು, ಅಧ್ಯಕ್ಷರು ಗೆದ್ದರು. ಮಾರ್ಥಾ ಒಳಗಿನ ಕೋಣೆಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ರೇಡಿಯೋದಲ್ಲಿ ಅದನ್ನು ಕೇಳಿದಳಂತೆ.

ಕೊನೆಗೆ ಒಂದು ಒಪ್ಪಂದವಾಯಿತು. ಮಾರ್ಥಾ ದೇಶ ಬಿಟ್ಟು ಮೂರನೆಯ ದೇಶಕ್ಕೆ ಹೋಗಬಹುದು. ಸುಲೋಚನಾ ಈ ನೆಲಕ್ಕೆ ಬೇಡವಾದವರು, ಅವರೂ ಅದೇ ವಿಮಾನಕ್ಕೆ ಹೊರಡಬೇಕು. ಇಬ್ಬರಿಗೂ ವಿಮಾನ ನಿಲ್ದಾಣದವರೆಗೆ ಯಾರೂ ಅಡ್ಡಿ ಮಾಡುವಂತಿಲ್ಲ.

ಅವರನ್ನು ಕರೆದೊಯ್ದದ್ದು ನಾವೇ. ನಿಲ್ದಾಣದಲ್ಲಿ ಮಾರ್ಥಾ ಜಟ್ಟಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳು ಒಳಗೆ ಹೋದ ಮೇಲೆ ಸುಲೋಚನಾ ನಿಂತೇ ಇದ್ದರು.

"ಜಟ್ಟಣ್ಣ, ನಿಮ್ಮ ಬಗ್ಗೆ ಭಾಳ ಜಗಳಾಡೇನಿ. ಇಲ್ಲಿ ಸರ್ಕಾರದವರು, ಇವ ನಮ್ಮ ಪ್ರಜೆ, ನಮ್ಮ ಕಾನೂನು ಅಂತಾರ. ನಮ್ಮವರು ಅಲ್ಲಿಗೇ ಸುಮ್ಮನಾದ್ರು. ನೀವು ಕಂಪೌಂಡ್ ಬಿಟ್ಟು ಹೊರಗ ಬರಬ್ಯಾಡ್ರಿ. ನಾ ದಿಲ್ಲಿಗೆ ಹೋಗಿ ಏನರೆ ಮಾಡ್ತೀನಿ."

"ಆತು ಅಮ್ಮ. ನೀವು ಹೊರಡಿ. ಹೊತ್ತಾತು."

ಹಿಂದಿರುಗುವಾಗ ಪೊಲೀಸ್ ಜೀಪು ನಮ್ಮ ಹಿಂದೆಯೇ ಬಂತು. ನನ್ನೊಳಗೆ ಇರುವವರೆಗೆ ಅವನನ್ನು ಮುಟ್ಟುವಂತಿರಲಿಲ್ಲ. ನಾನು ಆವತ್ತು ಮನೆಯಷ್ಟು ದೊಡ್ಡದಿದ್ದಿದ್ದರೆ, ಅವನ ಹೆಂಡತಿ, ಒಲೆ, ಹಾಸಿಗೆ ಎಲ್ಲ ನನ್ನೊಳಗೆ ಹಿಡಿಸುವಂತಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ. ಜಟ್ಟಿ ಕೆಲವು ದಿನ ಕಚೇರಿಯ ಹಿಂದಿನ ಕೋಣೆಯಲ್ಲಿ ಉಳಿದ. ಆಮೇಲೆ ಒಂದು ಬೆಳಿಗ್ಗೆ ಸುದ್ದಿ ಬಂತು. ಎಲೀಸಾಳನ್ನು ಠಾಣೆಗೆ ಕರೆದೊಯ್ದು ಕೂರಿಸಿದ್ದಾರೆ, ಗಂಡ ಬಂದರೆ ಬಿಡುತ್ತಾರಂತೆ. ಸಾಹೇಬರು ತಡೆದರು, ಮಾತಾಡುತ್ತೇನೆ ಎಂದರು. ಜಟ್ಟಿ ಕೇಳಿಸಿಕೊಂಡ. ಬಕೆಟ್ ತಂದು ನನ್ನನ್ನು ಪೂರ್ತಿ ತೊಳೆದ, ಒರೆಸಿದ, ಕೀಲಿಯನ್ನು ಗೇಟಿನವನ ಕೈಗೆ ಕೊಟ್ಟು ನಡೆದು ಹೊರಗೆ ಹೋದ. ಜೀಪಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಎಲೀಸಾ ಸಂಜೆಗೆ ಮನೆ ಸೇರಿದಳು. ಅವನು ಸೇರಲು ವರ್ಷಗಳೇ ಹಿಡಿದವು.

ಅಷ್ಟರಲ್ಲಿ ಎರಡೂ ದೇಶಗಳು ರಾಜಿಯಾದವು. ಬಂದರಿನ ಕೆಲಸ ಮತ್ತೆ ಶುರುವಾಯಿತು. ಹೊಸ ರಾಯಭಾರಿಗೆ ಹೊಸ ಕಾರು ಬಂತು. ನನ್ನ ಮೂತಿಯ ಬಾವುಟ ಬಿಚ್ಚಿ ನನ್ನನ್ನು ಹರಾಜು ಹಾಕಿದರು. ಕೊಂಡವನು ಮೀನಿನ ವ್ಯಾಪಾರಿ. ಸಾಹೇಬರು ಕೂರುತ್ತಿದ್ದ ಸೀಟಿನ ಮೇಲೆ ಬಂಗುಡೆ ಬುಟ್ಟಿ ಇಟ್ಟ. ನನಗೆ ಬೇಸರವಾಗಲಿಲ್ಲ. ಬುಟ್ಟಿಗಳು ಒಪ್ಪಂದ ಮಾಡಿಕೊಳ್ಳುತ್ತಿರಲಿಲ್ಲ. ಉಪ್ಪುಗಾಳಿಗೆ ಮೈ ತುಕ್ಕು ಹಿಡಿದು ಎಂಜಿನ್ ನಿಂತ ಮೇಲೆ ಬಂದರು ಬೀದಿಯ ಗುಜರಿ ಅಂಗಳಕ್ಕೆ ನೂಕಿದರು.

ಅಲ್ಲಿಗೇ ಜಟ್ಟಿ ಕಾವಲುಗಾರನಾಗಿ ಬಂದ. ಸುಲೋಚನಾ ದಿಲ್ಲಿಯಲ್ಲಿ ಬಾಗಿಲು ಬಾಗಿಲು ತಟ್ಟಿದ್ದಕ್ಕೆ, ಎರಡು ದೇಶಗಳ ಸ್ನೇಹದ ಗುರುತಾಗಿ ಬಿಟ್ಟ ಕೈದಿಗಳಲ್ಲಿ ಅವನ ಹೆಸರೂ ಸೇರಿತ್ತಂತೆ. ಅವನು ನನ್ನನ್ನು ನೋಡಿ ಸುತ್ತ ಒಂದು ಸುತ್ತು ಬಂದ. "ನಿಂಗೂ ಹೀಂಗಾತಾ?" ಎಂದ. ಅವನ ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಸೆರೆಯಲ್ಲಿ ಏನಾಯಿತೆಂದು ನನ್ನ ಹತ್ತಿರವೂ ಹೇಳಲಿಲ್ಲ.

ಅಂಗಳದ ಪಕ್ಕದಲ್ಲೇ ಪಾಸ್ಕಲ್‌ನ ಕ್ಷೌರದಂಗಡಿ. ಪಾಸ್ಕಲ್ ಹಳದಿ ಪಕ್ಷದವನು, ಬೀದಿಯ ಮಟ್ಟದ ಪುಢಾರಿ. ಜಟ್ಟಿ ಎಡಗೈಯಲ್ಲಿ ಗಡ್ಡ ಕೆರೆದು ಕೆನ್ನೆಯೆಲ್ಲ ಗಾಯ ಮಾಡಿಕೊಳ್ಳುವುದನ್ನು ನೋಡಿ ಒಂದು ದಿನ ಅವನೇ ಕತ್ತಿ, ಸೋಪು ಹಿಡಿದು ಬಂದ. "ಮುಖ ಎತ್ತು" ಎಂದ. ಜಟ್ಟಿ ಅವನ ಅಂಗಿಯ ಬಣ್ಣ ನೋಡಿದ. ಕೊನೆಗೆ ಮುಖ ಎತ್ತಿದ. ಆಮೇಲೆ ಪ್ರತಿ ಭಾನುವಾರ ನನ್ನ ಮಡ್‌ಗಾರ್ಡಿಗೆ ಒರಗಿ ಕೂತು ಜಟ್ಟಿ ಕ್ಷೌರ ಮಾಡಿಸಿಕೊಳ್ಳುವನು. ಎಲೀಸಾಗೆ ಮೈ ಉರಿಯುತ್ತಿತ್ತು. "ಅವರ ಜನ ನಿನ್ನ ಕೈ ಮುರಿದರು. ಅವರ ಕತ್ತಿಗೇ ಕುತ್ತಿಗೆ ಕೊಡುತ್ತೀಯಾ?" ಎಂದಳು. "ಮುರಿದವ ಇವನಲ್ಲ" ಎಂದ ಜಟ್ಟಿ. ಕ್ರಮೇಣ ಅವಳೇ ಇಬ್ಬರಿಗೂ ಚಹಾ ತಂದುಕೊಡತೊಡಗಿದಳು.

ಹೀಗೆ ವರ್ಷಗಳು ಕಳೆದ ಮೇಲೆ ಮುದಿ ಅಧ್ಯಕ್ಷರು ಸತ್ತರು. ಮಾರ್ಥಾ ಹಿಂದಿರುಗಿ ಬಂದಳು, ಚುನಾವಣೆಯಲ್ಲಿ ಗೆದ್ದಳು. ಬೀದಿಯಲ್ಲೆಲ್ಲ ಕಂದೀಲು. ಎಲೀಸಾ ಕುಣಿದಳು. ಜಟ್ಟಿಯೂ ನಕ್ಕ.

ಮೂರು ದಿನದ ಮೇಲೆ ಹಾಡುಹಗಲೇ ಪಾಸ್ಕಲ್ ಓಡಿಬಂದ. ಅಂಗಡಿ ಹೊತ್ತಿ ಉರಿಯುತ್ತಿತ್ತು. ಜಟ್ಟಿ ನನ್ನ ಹಿಂದಿನ ಬಾಗಿಲು ಎಳೆದು ಅವನನ್ನು ಕೆಳಗೆ ಮಲಗಿಸಿ ಹರಕು ತಾಡಪಾಲು ಹೊದಿಸಿದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಕಂದೀಲು ಪಕ್ಷದವರ ಗುಂಪು ಬಂತು. ಮುಂದಿದ್ದವನಿಗೆ ಜಟ್ಟಿಯ ಗುರುತು ಹತ್ತಿತು. "ಇವರು ನಮ್ಮ ತಾಯಿಯನ್ನು ಉಳಿಸಿದವರು!" ಎಂದು ಕೂಗಿದ. ಕೆಲವರು ಬಗ್ಗಿ ನಮಸ್ಕರಿಸಿದರು.

"ಹಾಗಾದರೆ ನನ್ನ ಮಾತು ಕೇಳಿ. ಇಲ್ಲಿಂದ ಹೊರಡಿ" ಎಂದ ಜಟ್ಟಿ.

"ಅಜ್ಜ, ನೀವು ನಮ್ಮವರು. ಅವನು ನಿಮಗೆ ಯಾಕೆ? ಸ್ವಲ್ಪ ಸರಿಯಿರಿ."

ಇಬ್ಬರು ಬಹಳ ಮರ್ಯಾದೆಯಿಂದಲೇ ಅವನನ್ನು ತೋಳು ಹಿಡಿದು ಪಕ್ಕಕ್ಕೆ ಕೂರಿಸಿದರು. ನನ್ನ ಬಾಗಿಲಿಗೆ ಚಿಲಕವಿರಲಿಲ್ಲ, ಮೂತಿಗೆ ಬಾವುಟವಿರಲಿಲ್ಲ. ಪಾಸ್ಕಲ್ ಸೀಟಿನ ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಒಂದೊಂದೇ ಬೆರಳು ಬಿಡಿಸಿ ಎಳೆದರು. ಜಟ್ಟಿ ಆ ಮಡಚದ ಕೈಯಲ್ಲಿ ಅವನ ಕಾಲು ಹಿಡಿಯಲು ನೋಡಿದ. ಹಿಡಿತ ಸಿಗಲಿಲ್ಲ. ಪಾಸ್ಕಲ್ ಸತ್ತದ್ದು ನನ್ನಿಂದ ನಾಲ್ಕು ಮಾರು ದೂರದಲ್ಲಿ.

ಈ ಸಾವಿಗೆ ಯಾವ ದೇಶವೂ ಹೇಳಿಕೆ ಕೊಡಲಿಲ್ಲ. ನಮ್ಮ ಕಚೇರಿ ಹೊಸ ಸರ್ಕಾರಕ್ಕೆ ಅಭಿನಂದನೆ ಕಳಿಸಿತು.

ಕೆಲವು ವಾರಗಳ ಮೇಲೆ ಮಾರ್ಥಾಳೇ ಅಂಗಳಕ್ಕೆ ಬಂದಳು. ಜೊತೆಗೆ ನಮ್ಮ ಕಚೇರಿಯ ಆಗಿನ ರಾಯಭಾರಿ, ಫೋಟೋದವರು. ಮುದುಕಿಯಾಗಿದ್ದಳು. ನನ್ನ ತುಕ್ಕು ಹಿಡಿದ ಬಾಗಿಲು ಸವರಿ ನಿಜವಾಗಿಯೇ ಅತ್ತಳು. "ಏನು ಬೇಕು ಕೇಳಿ, ಜಟ್ಟಿ. ಮನೆ, ಪಿಂಚಣಿ, ಏನಾದರೂ" ಎಂದಳು.

"ಪಾಸ್ಕಲ್‌ನನ್ನು ಹೊಡೆದವರು ಎಲ್ಲಿದ್ದಾರೆ?" ಎಂದ ಜಟ್ಟಿ.

ಫೋಟೋದವರು ಕ್ಯಾಮೆರಾ ಇಳಿಸಿದರು. ರಾಯಭಾರಿ ಸಮುದ್ರದ ಕಡೆ ನೋಡಿದರು.

ಮಾರ್ಥಾ ಸಣ್ಣ ದನಿಯಲ್ಲಿ, "ನಮ್ಮ ಹುಡುಗರು ಬಹಳ ಅನುಭವಿಸಿದ್ದರು, ಜಟ್ಟಿ" ಎಂದಳು.

"ನಾನೂ ಅನುಭವಿಸಿದ್ದೆ, ತಾಯಿ."

ಅವಳು ತಿರುಗಿ ತನ್ನ ಕಾರು ಹತ್ತಿದಳು. ಕಾರುಗಳು ಒಂದರ ಹಿಂದೆ ಒಂದು ಹೊರಟುಹೋದವು.

ಈಗ ನಾನು ಅಂಗಳದ ಮೂಲೆಯಲ್ಲಿದ್ದೇನೆ. ನೆಲದ ತಗಡು ಉದುರಿ ಅಡಿಯಿಂದ ಹುಲ್ಲು ಒಳಗೆ ಬಂದಿದೆ. ದೊಡ್ಡವರನ್ನು ಹೊತ್ತೆ, ಅವರು ಜಗಳವಾಡಿದ್ದನ್ನೂ ರಾಜಿಯಾದದ್ದನ್ನೂ ಕೇಳಿದೆ. ಎರಡರ ಲೆಕ್ಕದಲ್ಲೂ ಜಟ್ಟಿ ಇರಲಿಲ್ಲ, ಪಾಸ್ಕಲ್ ಇರಲಿಲ್ಲ. ನನ್ನೊಳಗೆ ಇಬ್ಬರು ಜೀವ ಉಳಿಸಿಕೊಳ್ಳಲು ಬಂದರು. ಒಬ್ಬರನ್ನಷ್ಟೇ ಉಳಿಸಲಾಯಿತು. ಉಳಿದವಳ ಹೆಸರು ಬೀದಿಗಳಿಗಿದೆ. ಉಳಿಯದವನ ಅಂಗಡಿಯ ಜಾಗದಲ್ಲಿ ಕರಿ ಗೋಡೆ ನಿಂತಿದೆ.

ಭಾನುವಾರ ಬಂದರೆ ಎಲೀಸಾ ಚಹಾ ತರುತ್ತಾಳೆ. "ಪೇಟೆಯಲ್ಲಿ ಹೊಸ ಕ್ಷೌರಿಕ ಬಂದಿದ್ದಾನೆ, ಹೋಗಿ ಬಾ" ಎನ್ನುತ್ತಾಳೆ. ಜಟ್ಟಿ ಹ್ಞೂಂ ಎನ್ನುತ್ತಾನೆ, ಹೋಗುವುದಿಲ್ಲ. ಅವನ ಬಿಳಿ ಗಡ್ಡ ಈಗ ಎದೆಯವರೆಗೆ ಬೆಳೆದಿದೆ.