ಕಿವಿಯ ಹಿಂದಿನ ಚುಕ್ಕೆ

ದಾಕ್ಷಾಯಣಿ ಒದ್ದೆ ಬಟ್ಟೆ ಹಿಂಡಿ ತನ್ನ ಬ್ಯೂಟಿ ಪಾರ್ಲರಿನ ಗಾಜಿನ ಕಪಾಟು ಒರೆಸುತ್ತಿದ್ದಳು. ಬಾಗಿಲು ಇನ್ನೂ ಅರ್ಧ ಮಾತ್ರ ತೆರೆದಿತ್ತು. ಒಂದೊಂದೇ ಶೀಶೆ ಎತ್ತಿ, ತಳ ಒರೆಸಿ, ಮತ್ತೆ ಅಲ್ಲೇ ಇಟ್ಟಳು. ನಾನು ಅಂದು ಹೊಸದಾಗಿ ಆ ಸಾಲಿಗೆ ಸೇರಿದೆ.

ನಾನು ಹುಬ್ಬಿಗೆ ತುಂಬುವ ಕಂದು ಬಣ್ಣದ ಒಂದು ಪುಟ್ಟ ಶೀಶೆ. ಕಬ್ಬಿಣದ ಅಂಶದ ಪುಡಿಯನ್ನು ಶುದ್ಧಮಾಡಿ, ನಯವಾಗಿ ಅರೆದು, ಗ್ಲಿಸರಿನ್ ಬೆರೆಸಿ ನನ್ನನ್ನು ಮಾಡಿದರು. ಲಿಪ್‌ಸ್ಟಿಕ್ಕಿನಂತೆ ಸಂಜೆಗೆ ತೊಳೆದುಹೋಗುವ ಬಾಳು ನನ್ನದಲ್ಲ. ಸೂಜಿಯ ಮೊನೆಯಲ್ಲಿ ಚರ್ಮದೊಳಗೆ ಇಳಿದು ವರ್ಷಗಟ್ಟಲೆ ಇರುವವರು ನಾವು. ಅದಕ್ಕೇ ನನ್ನೊಳಗೆ ಏನೇನಿದೆ ಎಂದು ಮೈಮೇಲಿನ ಚೀಟಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದರು.

ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಪಕ್ಕ ಕರೀ ಶೀಶೆಯೊಂದಿತ್ತು, ಚೀಟಿಯೇ ಇಲ್ಲದ್ದು. ಒಳಗೆ ಏನಿದೆ ಎಂದು ದಾಕ್ಷಾಯಣಿ ಕೇಳಿದರೆ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ ಅಂಗಡಿಯವ. ಅವಳು ಅದನ್ನು ಕೆಳಗಿಟ್ಟು ನನ್ನನ್ನು ಎತ್ತಿಕೊಂಡು ರಾಣೆಬೆನ್ನೂರಿಗೆ ತಂದಳು. ಆ ಕೈಯನ್ನು ನಾನು ಮರೆತಿಲ್ಲ.

ಶಿವಲೀಲಾ ಬಂದದ್ದು ಅತ್ತೆ ಚೆನ್ನವ್ವನ ಜೊತೆ. ದೊಡ್ಡ ಕಾಯಿಲೆ ಬಿದ್ದು ಎದ್ದವಳು. ತಲೆಗೂದಲು ಮತ್ತೆ ಬಂತು, ಹುಬ್ಬು ಬರಲಿಲ್ಲ. ಅವರದು ಬಳೆ ಅಂಗಡಿ. ಪೆನ್ಸಿಲಿನಲ್ಲಿ ಬರೆದ ಹುಬ್ಬು ಮಧ್ಯಾಹ್ನದ ಬೆವರಿಗೆ ಅಳಿಸುತ್ತಿತ್ತು. ಅದಕ್ಕೆ ಅವಳು ಗಿರಾಕಿಗಳ ಕೈ ನೋಡುತ್ತಿದ್ದಳೇ ಹೊರತು ಮುಖ ಎತ್ತುತ್ತಿರಲಿಲ್ಲ. ಒಮ್ಮೆ ತಲೆ ಎತ್ತಿ ಕೂರಬೇಕು, ಅಷ್ಟೇ ಅವಳ ಆಸೆ. ಹುಬ್ಬು ಚುಚ್ಚಿಸಿಕೊಳ್ಳಲು ಡಾಕ್ಟರರೂ ಒಪ್ಪಿದ್ದರು.

ಚೆನ್ನವ್ವ ನನ್ನನ್ನು ನೋಡಿ ಮೂಗು ಮುರಿದಳು. “ಇದೇನವ್ವಾ, ಚಾದ ಬಣ್ಣ. ಹುಬ್ಬು ಅಂದ್ರ ಕರ್ರಗ ಇರಬೇಕು.”

“ಕರೇ ಬಣ್ಣ ಹಾಕಿದ್ರ ಬರಬರ್ತ ನೀಲಿ ತಿರುಗೋದು ಹೆಚ್ಚು ರೀ, ಅಜ್ಜಿ. ಆಮ್ಯಾಗ ನಿಮ್ಮ ಸೊಸಿ, ಬಿಳೇ ಧೋತ್ರಕ್ಕ ನೀಲಿ ಹಾಕಿದಂಗ ಕಾಣ್ತಾರ” ಎಂದಳು ದಾಕ್ಷಾಯಣಿ.

ಶಿವಲೀಲಾ ಸೆರಗಿನ ಮರೆಯಲ್ಲಿ ನಕ್ಕಳು. ದಾಕ್ಷಾಯಣಿ ನನ್ನಿಂದ ಒಂದು ಹನಿ ತೆಗೆದು ಅವಳ ಎಡಗಿವಿಯ ಹಿಂದೆ ಚುಕ್ಕೆ ಚುಚ್ಚಿದಳು. ಚರ್ಮಕ್ಕೆ ನಾನು ಒಗ್ಗಿದರೆ ಮಾತ್ರ ಮುಂದಿನ ಮಾತು.

ವಾರ ತುಂಬುವ ಮೊದಲೇ ಅವಳು ಕಿವಿಗೆ ಸೆರಗು ಒತ್ತಿಕೊಂಡು ಅತ್ತೆಯ ಜೊತೆ ಬಂದಳು. ಚುಕ್ಕೆಯ ಸುತ್ತ ಕೆಂಪಗೆ ಊದಿತ್ತು. ದಾಕ್ಷಾಯಣಿಯ ಮುಖ ಇಳಿಯಿತು. ಈ ಬಣ್ಣ ನಿಮಗೆ ಆಗಿಬರುವುದಿಲ್ಲ, ಹುಬ್ಬಿನ ಆಸೆ ಬಿಡಿ ಎಂದು ಹೇಳಿ, ನನ್ನನ್ನು ಕಸದ ಬುಟ್ಟಿಯ ಪಕ್ಕಕ್ಕೆ ಇಟ್ಟಳು. ಶಿವಲೀಲಾ ತಲೆ ಬಗ್ಗಿಸಿದಳು.

ದಾಕ್ಷಾಯಣಿ ಗಾಯ ಒರೆಸಿದ ಹತ್ತಿ ಕಪ್ಪಗಾಯಿತು. ನಾನು ಕಪ್ಪಲ್ಲವಲ್ಲ.

“ಇಲ್ಲಿ ಏನು ಹಚ್ಚೀರಿ?”

ಶಿವಲೀಲಾ ಅತ್ತೆಯ ಕಡೆ ನೋಡಿದಳು. ಚೆನ್ನವ್ವ ನೆಟ್ಟಗೆ ಕೂತಳು. “ಹೊಸಾ ಹುಬ್ಬು ಬರೂ ಹೊತ್ತು, ಯಾರ ಕಣ್ಣರ ಬಿದ್ದೀತಂತ ಕಿವಿ ಹಿಂದ ದೃಷ್ಟಿ ಬೊಟ್ಟು ಇಟ್ಟೀನಿ. ಹರಳೆಣ್ಣಿ ದೀಪಕ್ಕ ಹಿಡಿದ ಮನಿ ಕಾಡಿಗಿ. ದಿನಾ ಇಡ್ತೀನಿ.”

ದೃಷ್ಟಿ ಬೊಟ್ಟಿನ ಜಾಗವೂ ಚುಚ್ಚಿದ ಜಾಗವೂ ಒಂದೇ ಆಗಿತ್ತು. ಬೇಡ ಅನ್ನಬೇಕಿತ್ತಲ್ಲ ಎಂದು ದಾಕ್ಷಾಯಣಿ ಕೇಳಿದಳು.

“ಪ್ರೀತಿಲೆ ಹಚ್ಚೂ ಕೈಗೆ ಹ್ಯಾಂಗ ಬ್ಯಾಡ ಅನ್ಲಿ, ಅಕ್ಕಾ?” ಎಂದಳು ಶಿವಲೀಲಾ.

ಚರ್ಮದ ಡಾಕ್ಟರರ ಮುಲಾಮಿಗೆ ಗಾಯ ಮಾಯಿತು. ಅವರು ಹೂಂ ಅಂದ ಮೇಲೆ ಬಲಗಿವಿಯ ಹಿಂದೆ ಇನ್ನೊಂದು ಚುಕ್ಕೆ. ಆ ಸಲ ಕಾವಲು ಕಾದವಳು ಚೆನ್ನವ್ವನೇ. ಬೊಟ್ಟು ಬಿಡಲಿಲ್ಲ, ಸೊಸೆಯ ಅಂಗಾಲಿಗೆ ಇಟ್ಟಳು. ಚರ್ಮ ನನ್ನನ್ನು ಒಪ್ಪಿಕೊಂಡಿತು.

ಹೀಗೆ ನನ್ನ ಒಂದು ಪಾಲು ಶಿವಲೀಲಾಳ ಹುಬ್ಬಿಗೆ ಹೋಯಿತು. ಅಲ್ಲಿಂದಲೇ ಬಳೆ ಅಂಗಡಿಯನ್ನು ನೋಡಿದೆ. ಒಬ್ಬ ಹುಡುಗಿಯ ಕೈಗೆ ಹಸಿರು ಬಳೆ ಏರಿಸುತ್ತ ಅವಳು ಮುಖ ಎತ್ತಿ, ನೋವಾಯ್ತೇನವ್ವಾ ಎಂದು ಕೇಳಿದಳು. ಒಂದು ಹನಿ ಬಣ್ಣಕ್ಕೆ ಇದಕ್ಕಿಂತ ಇನ್ನೇನು ಬೇಕು?

ಈಗ ನನ್ನ ತಳದಲ್ಲಿ ಸ್ವಲ್ಪವೇ ಉಳಿದಿದೆ. ಅವಧಿ ಮುಗಿದು ಬಹಳ ದಿನವಾಯಿತು. ಗಾಳಿ ಸೋಕಿದ ಹಳೆಯ ಬಣ್ಣ ಯಾರ ಚರ್ಮಕ್ಕೂ ಒಳ್ಳೆಯದಲ್ಲ. ಆದರೂ ಕೈಗೆ ಒಲಿದ ಶೀಶೆ ಎಂದು ದಾಕ್ಷಾಯಣಿ ನನ್ನನ್ನು ಕಪಾಟಿನ ಮೂಲೆಯಲ್ಲಿ ಉಳಿಸಿಕೊಂಡಿದ್ದಾಳೆ. ನಿನ್ನೆ ಬಂದ ಹೆಣ್ಣುಮಗಳೊಬ್ಬಳು ನನ್ನತ್ತ ಬೆರಳು ತೋರಿಸಿ, ಶಿವಲೀಲಕ್ಕನಿಗೆ ಹಾಕಿದ ಬಣ್ಣವನ್ನೇ ಹಾಕಿ ಎಂದಳು. ದಾಕ್ಷಾಯಣಿ ಹೊಸ ಶೀಶೆಯನ್ನೇ ತೆರೆದಳು, ನಿಜ. ಆದರೆ ಅದಕ್ಕೆ ಮೊದಲು ಒಂದು ಗಳಿಗೆ, ಇದನ್ನೇ ಎತ್ತಿಕೊಳ್ಳಲೇ ಎಂಬಂತೆ ನನ್ನ ಕಡೆ ನೋಡಿದ್ದಳು.

ನಿನ್ನೆಯಿಂದ ಅವಳು ಹತ್ತಿರ ಬಂದಾಗಲೆಲ್ಲ ಕೇಳುತ್ತಿದ್ದೇನೆ: ಅಕ್ಕಾ, ನನ್ನನ್ನು ಇನ್ನು ಎಸೆದುಬಿಡು.