ಮೀನಿನ ಐಸು, ಹಿಮದ ಗಾಡಿ

ಹಿಮವನ್ನು ಕಣ್ಣಾರೆ ಕಂಡವನಲ್ಲ ಸರ್ವೋತ್ತಮ. ಆದರೂ ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಎಂಜಿನ್ನನ್ನು ಆರು ವಾರ ಕೂತು ಹೊಸದಾಗಿ ಕಟ್ಟಿದ್ದ. ಮಲ್ಪೆಯ ದೋಣಿ ಎಂಜಿನ್ನುಗಳ ನಡುವೆ ಬೆಳೆದು, ದುಬೈಯ ಗ್ಯಾರೇಜುಗಳಲ್ಲಿ ಮೂವತ್ತೈದು ವರ್ಷ ಕೈ ಕಪ್ಪು ಮಾಡಿಕೊಂಡವನಿಗೆ ಇದೇನು ಮಹಾ! ಎಂಜಿನ್ ಎಂಬುದು ಯಾವ ದೇಶಕ್ಕೆ ಹೋದರೂ ಎಣ್ಣೆ ಕುಡಿದು ಹೊಗೆ ಉಗುಳುವ ಜಾತಿಯೇ.

ಗಾಡಿ ಝಿಯಾದನದು. ದುಬೈಯ ಮಿರ್ದಿಫ್ ಬಡಾವಣೆಯ ವಿಲ್ಲಾವೊಂದರಲ್ಲಿರುವ ಲೆಬನಾನಿನ ತರುಣ. ಅವನ ಅಪ್ಪ ಊರಿನ ಬೆಟ್ಟದಲ್ಲಿ ಚಳಿಗಾಲವಿಡೀ ಇದನ್ನೇ ಓಡಿಸಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಕೆಟ್ಟು ಕೂತದ್ದನ್ನು ಮಗ ಕಂಟೇನರಿನಲ್ಲಿ ತರಿಸಿಕೊಂಡಿದ್ದ. ಸವೆದ ಸಿಲಿಂಡರನ್ನು ಹಿಂದೆಯೇ ಎರಡು ಸಲ ಬೋರ್ ಮಾಡಿಸಿ, ಅಂದರೆ ಒಳಗೋಡೆ ಕೊರೆದು ನುಣುಪಾಗಿಸಿ ಆಗಿತ್ತು. ಈಗ ಮಾಡಿಸಿದ್ದೇ ಕೊನೆಯದು, ಇನ್ನು ಕೊರೆಯುವಷ್ಟು ಲೋಹ ಉಳಿದಿಲ್ಲ. ಇನ್ನೊಮ್ಮೆ ಬಿಸಿಯೇರಿ ಪಿಸ್ಟನ್ ಕಚ್ಚಿಕೊಂಡರೆ ಎಂಜಿನ್ ಗುಜರಿಗೆ.

ಹೊಸ ಬೋರಿಗೆ ಮೊದಲ ದಿನ ಬಾಣಂತಿಯ ಆರೈಕೆ ಬೇಕು. ಎಣ್ಣೆ ತುಸು ಹೆಚ್ಚು, ರೇಸ್ ಅರ್ಧಕ್ಕಿಂತ ಕಡಿಮೆ. ಹತ್ತು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಬೇಕು. ಅದರ ಮೇಲೆ ಇನ್ನೊಂದು ಫಜೀತಿ: ಅಡಿಯ ಪಟ್ಟಿ ಎರಚುವ ಹಿಮದಿಂದಲೇ ತಣ್ಣಗಾಗುವ ಎಂಜಿನ್ ಇದು. ಮಿರ್ದಿಫ್‌ನಲ್ಲಿ ಹಿಮ ಎಲ್ಲಿಂದ ತರುವುದು? ಝಿಯಾದ್ ತಲೆ ಕೆರೆದುಕೊಳ್ಳುತ್ತಿದ್ದರೆ, ಸರ್ವೋತ್ತಮ ಬೆಳ್ಳಂಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ ಹತ್ತು ಪೆಟ್ಟಿಗೆ ಪುಡಿ ಐಸು ತಂದ. ಮಲ್ಪೆಯವನಿಗೆ ಐಸಿನ ದಾರಿ ಯಾರೂ ಹೇಳಿಕೊಡಬೇಕಾಗಿಲ್ಲ.

ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ ಚಾಲೂ ಮಾಡುವ ಹಗ್ಗ ಎಳೆದ. ಎಂಜಿನ್ ಎರಡು ಸಲ ಕೆಮ್ಮಿ, ನೀಲಿ ಹೊಗೆ ಬಿಟ್ಟು ಚಾಲೂ ಆಯಿತು. ತಿರುಗುವ ಪಟ್ಟಿಯ ಮೇಲೆ ಸಲಿಕೆಯಲ್ಲಿ ಐಸು ಸುರಿಯುತ್ತಿದ್ದಂತೆ ಬಂಗುಡೆಯ ವಾಸನೆಯೂ ಸುಟ್ಟ ಎಣ್ಣೆಯ ವಾಸನೆಯೂ ಬೆರೆತು ಎದ್ದವು. ಸರ್ವೋತ್ತಮನಿಗೆ ಥಟ್ಟನೆ ಗುರುತು ಸಿಕ್ಕಿತು. ಅದು ಅಪ್ಪನ ದೋಣಿಯ ವಾಸನೆ.

ಆಗ ಅವನಿಗೆ ಹತ್ತೊಂಬತ್ತರ ಹರೆಯ. ಬೋರ್ ಮಾಡಿಸಿ ತಂದ ಎಂಜಿನ್ನಿನ ಮೊದಲ ದಿನವೇ, ಪಕ್ಕದ ದೋಣಿಯನ್ನು ಹಿಂದೆ ಹಾಕುವ ಹುರುಪಿನಲ್ಲಿ ಅವನು ಪೂರ್ತಿ ರೇಸ್ ಕೊಟ್ಟಿದ್ದ. ನಡುನೀರಿನಲ್ಲಿ ಪಿಸ್ಟನ್ ಕಚ್ಚಿಕೊಂಡಿತು. ಅಪ್ಪ ಹುಟ್ಟು ಹಾಕಿ ದಡ ಸೇರಿಸುವಾಗ ಸಂಜೆಯಾಗಿತ್ತು. ಈ ಕಥೆಯನ್ನು ಅವನು ಹೆಂಡತಿ ಅಮಿತಾಳಿಗೂ ಹೇಳಿದವನಲ್ಲ.

“ಉಸ್ತಾದ್, ಜೋರು ಬಿಡಿ. ಬಾಬಾ ಓಡಿಸುವಾಗಿನ ಶಬ್ದ ಇದಲ್ಲ,” ಎಂದ ಝಿಯಾದ್, ಅಪ್ಪನನ್ನು ನೆನೆದು. ಇಬ್ಬರ ಮಾತು ಅರ್ಧ ಅರಬಿ, ಅರ್ಧ ಇಂಗ್ಲಿಷು.

“ಆ ಶಬ್ದ ಬರ್ತದೆ ಮಾರಾಯ್ರೆ, ಇವತ್ತಲ್ಲ. ಬೇಯುವ ತನಕ ಕಾದವರಿಗೆ ಆರುವ ತನಕ ಕಾಯ್ಲಿಕ್ಕೆ ಆಗುದಿಲ್ವಾ?”

ಎರಡನೆಯ ಸಲ ಓಡುತ್ತಿದ್ದಾಗ ಇಳಿಸಿಟ್ಟ ಐಸು ಮುಗಿಯಿತು. ಉಳಿದ ಪೆಟ್ಟಿಗೆ ತರಲು ಸರ್ವೋತ್ತಮ ಪಿಕಪ್ಪಿನ ಕಡೆ ಹತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ಹಿಂದಿನಿಂದ ಎಂಜಿನ್ ಕಿರುಚಿತು. ತಿರುಗಿ ನೋಡಿದರೆ ಝಿಯಾದ್ ಸೀಟಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾನೆ, ಪೂರ್ತಿ ರೇಸ್ ಒತ್ತಿದ್ದಾನೆ, ಕೆನ್ನೆಯ ಮೇಲೆ ನೀರು. ರೇಸ್ ಒತ್ತಿದ್ದಂತೆಯೇ ಶಬ್ದ ಸಣ್ಣಗಾಗತೊಡಗಿತು, ಪಿಸ್ಟನ್ ಕಚ್ಚುವ ಲಕ್ಷಣ. ಸರ್ವೋತ್ತಮ ಓಡಿಬಂದು ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚನ್ನು ಬಡಿದ.

ಎಂಜಿನ್ ಸ್ವಿಚ್ಚಿನಿಂದ ನಿಂತಿತೋ ತಾನಾಗಿ ನಿಂತಿತೋ ತಿಳಿಯಲಿಲ್ಲ. ಹಗ್ಗ ಎಳೆದ. ಕದಲಲಿಲ್ಲ.

ತುಳುವಿನ ಬೈಗುಳವೊಂದು ನಾಲಿಗೆಯ ತುದಿಗೆ ಬಂದು ನಿಂತಿತು. ಝಿಯಾದನ ಮುಖ ಬಿಳಿಚಿತ್ತು. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಆ ಕೈಗಳನ್ನು ನೋಡಿ ಸರ್ವೋತ್ತಮನಿಗೆ ಅಯ್ಯೋ ಅನ್ನಿಸಿತು.

“ಕೂತ್ಕೊಳ್ಳಿ. ಆರಲಿ ಅದು. ನಾನು ಸಹ ಹೀಗೇ ಮಾಡಿದ್ದೇನೆ,” ಎಂದು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು, ದೋಣಿಯ ಕಥೆಯನ್ನು ಮೊದಲಿನಿಂದ ಹೇಳಿದ.

ಒಂದು ಗಂಟೆ ಬಿಟ್ಟು ಪ್ಲಗ್ ಬಿಚ್ಚಿ, ಒಳಗೆ ಎಣ್ಣೆ ಬಿಟ್ಟು ಹಗ್ಗವನ್ನು ಮೆಲ್ಲಗೆ ಎಳೆದ. ಪಿಸ್ಟನ್ ಸರಿಯಿತು. ಮತ್ತೆ ಎಳೆದ, ಹಗುರವಾಗಿ ತಿರುಗಿತು. ಪ್ಲಗ್ ಕೂರಿಸಿ ಚಾಲೂ ಮಾಡಿದಾಗ ಎಂಜಿನ್ ಯಾವ ತಕರಾರೂ ಇಲ್ಲದೆ ಸಣ್ಣ ರೇಸಿನಲ್ಲಿ ಓಡಿತು. ಈ ಸಲ ಐಸು ಸುರಿದವನು ಝಿಯಾದ್.

“ನಿಮ್ಮ ಬಾಬಾ ಆ ದಿನ ಏನಂದರು, ಉಸ್ತಾದ್?” ಎಂದು ಅವನು ಸಲಿಕೆ ಹಿಡಿದೇ ಕೇಳಿದ.

“ಎಂತದೂ ಹೇಳ್ಲಿಲ್ಲ. ಆ ದಿನವೂ ಇಲ್ಲ, ಮತ್ತೆಯೂ ಇಲ್ಲ,” ಎಂದ ಸರ್ವೋತ್ತಮ. “ಎರಡು ಬೈದಿದ್ರೆ ನಾನು ಊರಲ್ಲೇ ಇರ್ತಿದ್ದೆ.”