ಒಂಬತ್ತು ಮಾರ್ಕ್ಸಿನ ಕಣ್ಣೀರು

ರಾಮನಗರದ ಆ ಡಿಪ್ಲೊಮಾ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಬಿಡದಿಯ ಹೊಸ ಕಾರ್ಖಾನೆಯೊಂದು ಟ್ರೈನಿಗಳನ್ನು ಆರಿಸಲು ಬರಲಿತ್ತು. ಓದಿನ ಅಂಕ ಸಾಲದಂತೆ, ‘ಮನೋಭಾವ ಮತ್ತು ಮೌಲ್ಯ’ದ ಅಂಕವೂ ಬೇಕಂತೆ. ಹತ್ತಕ್ಕೆ ಐದಾದರೂ ಇಲ್ಲದವರಿಗೆ ಇಂಟರ್‌ವ್ಯೂ ಇಲ್ಲ.

"ನೋಡ್ಲಾ ಬಾಲರಾಜು, ಹೀರೋಗೆ ಒಂಬತ್ತು! ಹೊಡೀಲಾ ವಿಜಲ್ಲು!" ಎಂದು ಕೆಂಪರಾಜು ಕಾಲರ್ ಎತ್ತಿದ.

"ವಿಜಲ್ ಆಮೇಲೆ. ಅಮೂಲ್ಯಂಗೆ ಎರಡು ಕಣ್ಲಾ."

ಕೆಂಪರಾಜುವಿನ ನಗು ನಿಂತಿತು. ಅಮೂಲ್ಯ ಕ್ಲಾಸಿಗೇ ಮೊದಲಿಗಳು. ದಿನಾ ಮುಂಜಾನೆ ರೇಷ್ಮೆ ನೂಲು ತೆಗೆಯುವ ಕೆಲಸ ಮುಗಿಸಿ ಬರುವ ಅವಳ ಕೈಗೆ ಬೆಂದ ಗೂಡಿನ ವಾಸನೆ. ಅದಕ್ಕೇ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು. ಅವಳ ಹೆಸರಿನ ಮುಂದೆ ‘ಯಾರೊಂದಿಗೂ ಬೆರೆಯುವುದಿಲ್ಲ’ ಎಂದು ಬರೆದಿತ್ತು.

ಕೆಂಪರಾಜು ಸ್ಟಾಫ್ ರೂಮಿಗೆ ಓಡುವಷ್ಟರಲ್ಲಿ ಅಮೂಲ್ಯ ಆಗಲೇ ಆ ಅಂಕ ಹಾಕಿದ್ದ ರಾಧಾಮಣಿ ಮೇಡಂ ಎದುರು ನಿಂತಿದ್ದಳು.

"ಬೆರೆಯಲ್ಲ ಅಂತ ಯಾರನ್ನ ಕೇಳಿ ಬರೆದ್ರಿ ಮೇಡಂ? ಅರ್ಧ ಕ್ಲಾಸು ನನ್ ನೋಟ್ಸ್ ಓದಿ ಪಾಸಾಗೈತೆ."

"ನನ್ನ ಕಷ್ಟಾನೂ ನೋಡಮ್ಮ. ಎಪ್ಪತ್ತು ಜನ, ಎರಡೇ ದಿನ. ಮನಸ್ಸಿಗೆ ಥರ್ಮಾಮೀಟರ್ ಇಡೋಕಾಗುತ್ತಾ? ಕಂಡಿದ್ದು ಬರೆದೆ. ನಾಲ್ಕು ಗಂಟೆಗೆ ಪಟ್ಟಿ ಹೋಗ್ಬೇಕು."

ಕೆಂಪರಾಜು ಬಾಗಿಲಲ್ಲೇ ಕೈಮುಗಿದ. ತುಟಿ ನಡುಗಿತು. "ಮೇಡಂ... ನೀವು ನಮ್ಗೆ ತಾಯಿ ಇದ್ದಂಗೆ..." ಎಂದು ಗಳಗಳನೆ ಅತ್ತ.

ಮೇಡಂ ಗಾಬರಿಯಿಂದ ಎದ್ದರು. "ಯಾಕಪ್ಪಾ, ಏನಾಯ್ತು?"

"ಕಟ್!" ಅವನು ಕಣ್ಣೊರೆಸಿಕೊಂಡ. "ಇದ್ಕೆಷ್ಟು ಮಾರ್ಕ್ಸು ಮೇಡಂ? ಅಜ್ಜಿ ಸತ್ತೋಯ್ತು ಅಂತ ಹೋದ ತಿಂಗ್ಳು ಹಿಂಗೇ ಅತ್ತಿದ್ದಕ್ಕೆ ಒಂಬತ್ತು ಬಂತು. ನಮ್ಮಜ್ಜಿ ಬೋರಮ್ಮ ಬೆಳಿಗ್ಗೆ ಎರಡು ಮುದ್ದೆ ನುಂಗವ್ಳೆ!"

"ಏಯ್! ನಿನ್ನ ಇಂಟರ್‌ವ್ಯೂನೂ ಹೋಗುತ್ತೆ, ಗೊತ್ತಾ?"

"ಹೋಗ್ಲಿ ಬುಡಿ. ಮಾರ್ಕೆಟ್ಟಲ್ಲಿ ನಮ್ಮಪ್ಪನ ಗೂಡ್ನ ಬರೀ ಬಣ್ಣ ನೋಡಿ ಯಾರೂ ರೇಟು ಕೂಗಲ್ಲ. ಕಿವಿ ಹತ್ರ ಹಿಡ್ದು ಅಲ್ಲಾಡಿಸ್ತಾರೆ, ಒಳಗಿನ ಹುಳದ ಸದ್ದು ಕೇಳ್ತಾರೆ. ಹುಳಕ್ಕೆ ಇರೋ ಮರ್ಯಾದೆ ನಮ್ಗಿಲ್ವಾ?"

"ಓವರ್ ಆಕ್ಟಿಂಗ್ ಕಣೋ," ಅಂದಳು ಅಮೂಲ್ಯ. ಆದರೂ ಮೇಡಂ ಎದುರಿನಿಂದ ಕದಲಲಿಲ್ಲ.

ಮೇಡಂ ಹೊರಗೆ ನಡೆದು, ಬೋರ್ಡಿನ ಪಟ್ಟಿ ಕಿತ್ತು ಮಡಚಿದರು. ನಾಲ್ಕು ಗಂಟೆಯಾದರೂ ಪಟ್ಟಿ ಹೋಗಲಿಲ್ಲ. ಪ್ರಿನ್ಸಿಪಾಲರು ಕೂಗಾಡಿದರು. "ಕೇಳದೆ ಬರೆದಿದ್ದೆ ಸರ್. ಕೇಳಿ ಬರೆದು ನಾಡಿದ್ದು ಕೊಡ್ತೀನಿ. ಬೇಕಾದರೆ ಕಾರ್ಖಾನೆಗೆ ನಾನೇ ಫೋನ್ ಮಾಡ್ತೀನಿ," ಎಂದು ಮೇಡಂ ಕ್ಲಾಸಿಗೆ ಬಂದರು.

"ನನ್ನ ಯಾವಾಗ ಕೇಳ್ತೀರಾ ಮೇಡಂ?" ಎಂದ ಕೆಂಪರಾಜು.

"ಮೊದಲು ನಿಮ್ಮಜ್ಜೀನ ಕರ್ಕೊಂಡು ಬಾ."

ಕ್ಲಾಸು ಹೋ ಎಂದಿತು. ಮೇಡಂ ಕೊನೆಯ ಬೆಂಚಿಗೆ ಹೋಗಿ, "ಒಸಿ ಸರ್ಕೋ" ಎಂದು ಅಮೂಲ್ಯಳ ಪಕ್ಕ ಕುಳಿತರು. ಅವಳು ಕೈಗಳನ್ನು ಡೆಸ್ಕಿನ ಕೆಳಗೆ ಎಳೆದುಕೊಂಡಳು.

"ಮೇಲಿಡಮ್ಮ. ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ?"